ಶಾಂತಿಯ ಕೋಣೆ

ಕಾಯಿಲೆ ಬಿದ್ದವರನ್ನು ನೋಡಲು ಹೋದವರು ನಾಲ್ಕು ಸಮಾಧಾನದ ಮಾತು ಹೇಳಿ ಬರುವುದು ಲೋಕರೂಢಿ. ‘ಧೈರ್ಯ ತಂದುಕೊಳ್ಳಿ, ಎಲ್ಲವೂ ದೇವರ ಇಚ್ಛೆ, ಬೇಗ ಗುಣವಾಗುತ್ತದೆ’ ಎಂಬ ಮಾತುಗಳಲ್ಲಿ ಸದ್ಭಾವನೆಯೇನೋ ಇರುತ್ತದೆ. ಆದರೆ ಹೇಳಿದವನು ಸ್ವಲ್ಪ ಹೊತ್ತಿನ ಮೇಲೆ ಎದ್ದು ತನ್ನ ಮನೆಗೆ ನಡೆದು ಹೋಗುತ್ತಾನೆ. ಕೇಳಿದವನು ಮಾತ್ರ ಅದೇ ಹಾಸಿಗೆಯಲ್ಲಿ, ಅದೇ ನೋವಿನೊಡನೆ, ಇನ್ನೊಂದು ಇರುಳನ್ನು ಕಳೆಯಬೇಕಾಗುತ್ತದೆ. ರೋಗಿಗಳಿಗೆಂದು ಬರೆದ ಪುಸ್ತಕಗಳಲ್ಲಿ ಬಹುಪಾಲು ಹೀಗೆ ಆರೋಗ್ಯವಂತರು ಬರೆದವುಗಳೇ ಎಂಬುದನ್ನು ಒಬ್ಬ ಹೆಣ್ಣುಮಗಳು ತಮಿಳುನಾಡಿನ ಒಂದು ಹಳ್ಳಿಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ ಕಂಡುಕೊಂಡರು. ಅಂತಹ ಪುಸ್ತಕಗಳು ತಮ್ಮ ನೋವಿನ ಬಳಿಗೆ ಬಂದು ಮುಟ್ಟುವುದಿಲ್ಲವೆಂದು ಅವರಿಗೆ ಅನಿಸಿತು. ಆಗ ಅವರು ತಾವೇ ಲೇಖನಿಯನ್ನು ಕೈಗೆತ್ತಿಕೊಂಡು, ರೋಗಿಯೊಬ್ಬಳು ರೋಗಿಗಳಿಗೆ ಬರೆಯುವ ರೀತಿಯಲ್ಲಿ ಬರೆಯತೊಡಗಿದರು. ಅವರೇ ಏಮಿ ಕಾರ್ಮೈಕೇಲ್. ಅರವತ್ತಮೂರು ವರ್ಷಗಳ ಕಾಲ ನಿಂತಲ್ಲಿ ನಿಲ್ಲದೆ ದುಡಿದಿದ್ದ ಆ ಜೀವ ತನ್ನ ನಂಬಿಕೆಯ ಆಳವನ್ನು ಅರಿತದ್ದು, ಎದ್ದು ನಡೆಯಲಾಗದ ಕೊನೆಯ ಇಪ್ಪತ್ತು ವರ್ಷಗಳಲ್ಲಿ.

ಏಮಿ ಹುಟ್ಟಿದ್ದು 1867ನೆಯ ಇಸವಿ ಡಿಸೆಂಬರ್ 16ರಂದು, ಐರ್ಲೆಂಡಿನ ಉತ್ತರ ಭಾಗದ ಕಡಲ ತೀರದಲ್ಲಿರುವ ಮಿಲ್ಲೈಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಡೇವಿಡ್ ಕಾರ್ಮೈಕೇಲ್ ಅವರದು ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅನುಕೂಲಸ್ಥ ಕುಟುಂಬ. ಏಳು ಮಂದಿ ಮಕ್ಕಳಲ್ಲಿ ಏಮಿಯೇ ಹಿರಿಯಳು. ಆಕೆಯ ಎಳವೆಯ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ತಾಯಿಯ ಕಣ್ಣುಗಳು ನೀಲಿ. ಏಮಿಯ ಕಣ್ಣುಗಳು ಕಂದು. ತನಗೂ ನೀಲಿಯ ಕಣ್ಣುಗಳೇ ಬೇಕೆಂಬುದು ಮಗುವಿನ ಆಸೆ. ದೇವರು ಪ್ರಾರ್ಥನೆಗೆ ಉತ್ತರ ಕೊಡುತ್ತಾನೆಂದು ತಾಯಿ ಹೇಳಿದ್ದ ಮಾತನ್ನು ನಂಬಿ, ಒಂದು ರಾತ್ರಿ ಭಕ್ತಿಯಿಂದ ಬೇಡಿಕೊಂಡು ಮಲಗಿದಳು. ಬೆಳಗಾಗುತ್ತಲೇ ಕುರ್ಚಿಯನ್ನೆಳೆದು, ಅದರ ಮೇಲೆ ಹತ್ತಿ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣುಗಳು ಹಿಂದಿನಂತೆಯೇ ಕಂದು! ಮಗು ಪೆಚ್ಚಾಯಿತು. ‘ಇಲ್ಲ’ ಎನ್ನುವುದೂ ಒಂದು ಉತ್ತರವೇ ಎಂಬ ತಿಳಿವಳಿಕೆ ಅಂದು ಅವಳ ಮನಸ್ಸಿನಲ್ಲಿ ಮೂಡಿತಂತೆ. ಮುಂದೆ ದಕ್ಷಿಣ ಭಾರತದಲ್ಲಿ ಸೀರೆಯುಟ್ಟು ಹಳ್ಳಿಗಳಲ್ಲಿ ಓಡಾಡುವಾಗ ಆ ಕಂದು ಕಣ್ಣುಗಳೇ ಅವರಿಗೆ ನೆರವಾದವೆಂದು ಹೇಳುವುದುಂಟು. ಆದರೆ ಮಗುವಿನ ಬೇಡಿಕೆ ಬಗೆಹರಿದಷ್ಟು ಸುಲಭವಾಗಿ ದೊಡ್ಡವರ ಬೇಡಿಕೆ ಬಗೆಹರಿಯುವುದಿಲ್ಲ. ಬದುಕಿನುದ್ದಕ್ಕೂ ಅವರು ಮತ್ತೆ ಮತ್ತೆ ಎದುರಿಸಬೇಕಾಗಿ ಬಂದದ್ದು ಈ ‘ಇಲ್ಲ’ ಎಂಬ ಉತ್ತರವನ್ನೇ.

ಏಮಿಗೆ ಹದಿನೇಳು ವರ್ಷವಾಗಿದ್ದಾಗ, 1885ರಲ್ಲಿ, ತಂದೆ ತೀರಿಕೊಂಡರು. ಆ ವೇಳೆಗೆ ಸಂಸಾರ ಬೆಲ್‌ಫಾಸ್ಟ್ ನಗರಕ್ಕೆ ಬಂದು ನೆಲೆಸಿತ್ತು. ಆ ನಗರದಲ್ಲಿ ನಾರುಬಟ್ಟೆಯ ಗಿರಣಿಗಳು ಬಹಳ. ಅಲ್ಲಿ ದುಡಿಯುತ್ತಿದ್ದ ಬಡ ಹುಡುಗಿಯರು ಟೋಪಿ ಕೊಳ್ಳಲಾರದೆ ತಲೆಗೆ ಶಾಲು ಹೊದ್ದು ಬರುತ್ತಿದ್ದರು. ಚರ್ಚಿನಲ್ಲಿ ಕೂರುವ ಗೌರವಸ್ಥರಿಗೆ ಅವರನ್ನು ಕಂಡರೆ ಅಸಮಾಧಾನ. ಏಮಿ ಆ ಹುಡುಗಿಯರಿಗಾಗಿ ಓದು, ಹೊಲಿಗೆ, ಪ್ರಾರ್ಥನೆಗಳ ಕೂಟಗಳನ್ನು ನಡೆಸತೊಡಗಿದರು. ಸೇರುವವರ ಸಂಖ್ಯೆ ಬೆಳೆದಾಗ, 1889ರಲ್ಲಿ, ಐನೂರು ಜನ ಕುಳಿತುಕೊಳ್ಳಬಹುದಾದ ಒಂದು ತಗಡಿನ ಸಭಾಭವನವನ್ನು ಎಬ್ಬಿಸಿ ಅದಕ್ಕೆ ‘ಸ್ವಾಗತ’ ಎಂಬರ್ಥದ ಹೆಸರನ್ನಿಟ್ಟರು. ಆಗ ಅವರಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ಹೊರನಾಡಿಗೆ ಹೋಗಿ ಕ್ರೈಸ್ತ ಧರ್ಮದ ಸೇವೆ ಮಾಡಬೇಕೆಂಬ ಕರೆ ತಮ್ಮ ಅಂತರಂಗದಲ್ಲಿ ಕೇಳಿಸಿತೆಂದು ಅವರು 1892ರಲ್ಲಿ ನಿಶ್ಚಯಿಸಿದರು. ಆದರೆ ಮನಸ್ಸಿಗಿದ್ದ ಬಲ ದೇಹಕ್ಕೆ ಇರಲಿಲ್ಲ. ನರಶೂಲೆಯೆಂಬ ವ್ಯಾಧಿ ಅವರನ್ನು ಆಗಾಗ ಕಾಡುತ್ತಿತ್ತು. ಇದ್ದಕ್ಕಿದ್ದಂತೆ ನರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಆ ಯಾತನೆಯಿಂದ ಒಮ್ಮೊಮ್ಮೆ ವಾರಗಟ್ಟಲೆ ಮಲಗಿಬಿಡಬೇಕಾಗುತ್ತಿತ್ತು. ಚೀನಾ ದೇಶಕ್ಕೆ ಹೋಗಲು ಅವರು ಅರ್ಜಿ ಹಾಕಿಕೊಂಡಾಗ ಮಿಷನ್ನಿನ ವೈದ್ಯರು ಆರೋಗ್ಯ ಸಾಲದೆಂದು ನಿರಾಕರಿಸಿದರು. ಛಲ ಬಿಡದ ಏಮಿ 1893ರಲ್ಲಿ ಜಪಾನಿಗೆ ಹೊರಟರು. ಅಲ್ಲಿ ಹದಿನೈದು ತಿಂಗಳು ದುಡಿಯುವಷ್ಟರಲ್ಲಿ ಶರೀರ ಪೂರ್ಣವಾಗಿ ಸೋತಿತು. ಅಲ್ಲಿಂದ ವಿಶ್ರಾಂತಿಗಾಗಿ ಚೀನಾದ ಶಾಂಘೈಗೆ, ಬಳಿಕ ಸಿಂಹಳಕ್ಕೆ ಬಂದರು. ತಮ್ಮನ್ನು ಮಗಳಂತೆ ಕಾಣುತ್ತಿದ್ದ ವೃದ್ಧ ರಾಬರ್ಟ್ ವಿಲ್ಸನ್ ಅವರಿಗೆ ಪಾರ್ಶ್ವವಾಯು ತಗುಲಿತೆಂಬ ಸುದ್ದಿ ಅಲ್ಲಿಗೆ ಬಂದಿತು. 1894 ಮುಗಿಯುವಷ್ಟರಲ್ಲಿ ಅವರು ಮರಳಿ ಇಂಗ್ಲೆಂಡಿನಲ್ಲಿದ್ದರು. ದೇವರೇ ಕರೆದನೆಂದು ನಂಬಿ ಹೊರಟವಳು ಎರಡು ವರ್ಷ ತುಂಬುವ ಮೊದಲೇ ಕಾಯಿಲೆಯೊಂದಿಗೆ ಹಿಂದಿರುಗಿದ್ದಳು. ಕರೆಯೇ ಭ್ರಮೆಯಾಗಿತ್ತೇ ಎಂದು ನೋಡುವವರು ಕೇಳಿದ್ದರೆ ಆಶ್ಚರ್ಯವಿರಲಿಲ್ಲ.

ಏಮಿ ಕನ್ನಡನಾಡಿನ ಮಣ್ಣನ್ನು ತುಳಿದದ್ದೂ ಈ ಕಾಯಿಲೆಯ ಕಾರಣದಿಂದಲೇ. ಬೆಂಗಳೂರಿನ ಹವೆ ಹಿತವಾದುದು, ದುರ್ಬಲ ಶರೀರದವರಿಗೂ ಒಗ್ಗುವಂಥದು ಎಂಬುದು ಆ ಕಾಲದ ಪ್ರಸಿದ್ಧಿ. ಇಂಗ್ಲೆಂಡಿನ ಚರ್ಚಿಗೆ ಸೇರಿದ ಜನಾನಾ ಮಿಷನ್ ಸಂಘದವರು ಅಲ್ಲಿ ಆಸ್ಪತ್ರೆಯನ್ನು ನಡೆಸುತ್ತಿದ್ದರು. ಆ ಸಂಘದ ಮೂಲಕ ಏಮಿ 1895ರ ನವೆಂಬರಿನಲ್ಲಿ ಮದರಾಸಿನಲ್ಲಿಳಿದು ಬೆಂಗಳೂರಿಗೆ ಬಂದರು. ಆದರೆ ಹಿತವಾದ ಹವೆಯ ಊರನ್ನು ಸೇರುವಾಗಲೇ ಅವರಿಗೆ ಡೆಂಗಿ ಜ್ವರ! ಸೇವೆಗೆಂದು ಬಂದವರು ಮೊದಲು ಶುಶ್ರೂಷೆಯನ್ನು ಪಡೆಯಬೇಕಾಯಿತು. ಜ್ವರ ಬಿಟ್ಟ ಮೇಲೆ ಅವರು ತಮಿಳನ್ನು ಕಲಿಯತೊಡಗಿದರು. ದಂಡುಪ್ರದೇಶದಲ್ಲಿದ್ದ ಯೂರೋಪಿಯನ್ನರ ಚಹಾಕೂಟಗಳೂ ಹರಟೆಯೂ ಅವರಿಗೆ ರುಚಿಸಲಿಲ್ಲ. ಜನರ ನಡುವೆ, ಜನರಂತೆ ಬದುಕದ ಹೊರತು ಸೇವೆ ಸಾಧ್ಯವಿಲ್ಲವೆಂದು ಅವರಿಗೆ ತೋರಿತು. ತಮಿಳು ಬಲ್ಲ ಥಾಮಸ್ ವಾಕರ್ ಎಂಬ ಪಾದ್ರಿಗಳ ಮಾರ್ಗದರ್ಶನದಲ್ಲಿ ಕಲಿಕೆಯನ್ನು ಮುಂದುವರಿಸಲು, ಬಂದ ಮರುವರ್ಷವೇ ತಿರುನೆಲ್ವೇಲಿ ಸೀಮೆಗೆ ತೆರಳಿದರು. ಅಲ್ಲಿಂದ ಮುಂದೆ ಸಾಯುವವರೆಗೆ, ಭಾರತಕ್ಕೆ ಬಂದ ದಿನದಿಂದ ಒಟ್ಟು ಐವತ್ತೈದು ವರ್ಷಗಳ ಕಾಲ, ಅವರು ಒಮ್ಮೆಯೂ ರಜೆಯ ಮೇಲೆ ತಾಯ್ನಾಡಿಗೆ ಹೋಗಲಿಲ್ಲ.

ತಿರುನೆಲ್ವೇಲಿ ಸೀಮೆಯಲ್ಲಿ ಏಮಿ ಕೆಲವು ಮಂದಿ ತಮಿಳು ಹೆಂಗಸರೊಡನೆ ಎತ್ತಿನ ಬಂಡಿಯಲ್ಲಿ ಊರಿಂದೂರಿಗೆ ತಿರುಗುತ್ತಿದ್ದರು. ಹಾಗಿರುವಾಗ, 1901ರ ಮಾರ್ಚ್ ತಿಂಗಳಲ್ಲಿ, ಪಣ್ಣೈವಿಳೈ ಎಂಬ ಊರಿನಲ್ಲಿ ನಡೆದ ಒಂದು ಘಟನೆ ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು. ಪ್ರೀನಾ ಎಂಬ ಏಳು ವರ್ಷದ ಬಾಲಕಿಯೊಬ್ಬಳು ಅವರಲ್ಲಿಗೆ ಬಂದು ಸೇರಿದಳು. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಒಪ್ಪಿಸುವ ಪದ್ಧತಿ ಆಗ ನಮ್ಮ ದೇಶದ ಹಲವೆಡೆ ಇತ್ತು. ಅಂತಹ ಬಾಳಿಗೆ ಒಪ್ಪಿಸಲಾಗಿದ್ದ ಈ ಹುಡುಗಿ ಹಿಂದೊಮ್ಮೆ ತಪ್ಪಿಸಿಕೊಂಡು ತಾಯಿಯ ಬಳಿಗೆ ಓಡಿದ್ದಳು; ಹಿಡಿದು ತಂದವರು ಶಿಕ್ಷೆಯೆಂದು ಅವಳ ಎಳೆಯ ಕೈಗಳಿಗೆ ಬರೆ ಹಾಕಿದ್ದರು. ಎರಡನೆಯ ಸಲ ತಪ್ಪಿಸಿಕೊಂಡಾಗ ಅವಳಿಗೆ ದೊರೆತ ಮಡಿಲು ಏಮಿಯವರದು. ಆ ಮಗು ತನ್ನ ಅನುಭವವನ್ನು ಹೇಳಿಕೊಂಡಾಗ ಏಮಿಗೆ ತಮ್ಮ ಕೆಲಸ ಯಾವುದೆಂಬುದು ಸ್ಪಷ್ಟವಾಯಿತು.

ಅದೇ ಜಿಲ್ಲೆಯ ದಕ್ಷಿಣದಲ್ಲಿ, ಪಶ್ಚಿಮಘಟ್ಟಗಳ ಅಡಿಯಲ್ಲಿ ಡೋನಾವೂರು ಎಂಬ ಹಳ್ಳಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕ್ರೈಸ್ತ ನೆಲೆಗೆ ಹಣ ಸಹಾಯ ಮಾಡಿದ ಡೋನಾ ಎಂಬ ಜರ್ಮನ್ ಸರದಾರನಿಂದ ಅದಕ್ಕೆ ಆ ಹೆಸರು ಬಂದಿತು. ಏಮಿಯವರ ಮಕ್ಕಳ ಮನೆ ಬೆಳೆದುದು ಅಲ್ಲಿಯೇ. 1913ರ ವೇಳೆಗೆ ಅಲ್ಲಿ 130 ಮಂದಿ ಹೆಣ್ಣುಮಕ್ಕಳಿದ್ದರು. 1918ರಿಂದ ಗಂಡುಮಕ್ಕಳನ್ನೂ ಸೇರಿಸಿಕೊಳ್ಳತೊಡಗಿದರು. ಮಕ್ಕಳೂ ಊರವರೂ ಏಮಿಯವರನ್ನು ‘ಅಮ್ಮೈ’ ಎಂದು ಕರೆದರು. ಉಪದೇಶ ಮಾಡಲು ಬಂದವಳು ಕೂಸುಗಳ ಉಗುರು ಕತ್ತರಿಸುತ್ತ, ಹಾಲು ಕುಡಿಸುತ್ತ ಕುಳಿತಳಲ್ಲ ಎಂದು ಆಡಿಕೊಂಡವರಿದ್ದರು. ಮಕ್ಕಳನ್ನು ಅಪಹರಿಸುವವಳೆಂದು ದೂರಿದವರಿದ್ದರು. ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಪ್ರಸಂಗಗಳೂ ಬಂದವು. ಅಮ್ಮೈ ಯಾವುದಕ್ಕೂ ಅಳುಕಲಿಲ್ಲ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕವನ್ನು ಘೋಷಿಸಿದಾಗ, ಮಾಡಬೇಕಾದ ಕೆಲಸಕ್ಕೆ ಬಹುಮಾನವೇಕೆಂದು ಸಂಕೋಚಪಟ್ಟು, ಪ್ರದಾನ ಸಮಾರಂಭಕ್ಕೆ ಹೋಗದೆ ಉಳಿದರು.

ಅವರ ಸ್ವಭಾವದ ಒಂದು ಮುಖ್ಯ ಗುಣವನ್ನು ಇಲ್ಲಿ ಗಮನಿಸಬೇಕು. ಇದ್ದುದನ್ನು ಇದ್ದಂತೆ ಹೇಳುವುದು ಅವರ ವ್ರತ. ಹೊರನಾಡಿನಲ್ಲಿ ದುಡಿಯುವ ಮಿಷನರಿಗಳು ತಾಯ್ನಾಡಿಗೆ ಕಳುಹಿಸುವ ವರದಿಗಳಲ್ಲಿ ಗೆಲುವಿನ ಕಥೆಗಳೇ ತುಂಬಿರಬೇಕೆಂಬುದು ಆಗಿನ ಓದುಗರ ನಿರೀಕ್ಷೆ. ಏಮಿ ತಮ್ಮ ಸೋಲುಗಳನ್ನೂ ನಿರಾಶೆಗಳನ್ನೂ ಮುಚ್ಚಿಡದೆ ಬರೆದು ಕಳುಹಿಸಿದರು. ಓದುವವರು ಧೈರ್ಯಗೆಡುತ್ತಾರೆಂದು ಆ ಹಸ್ತಪ್ರತಿಯನ್ನು ಮೊದಲು ಹಿಂತಿರುಗಿಸಲಾಯಿತು. ಕೊನೆಗೆ ಅದು ‘ಇದ್ದುದು ಇದ್ದಂತೆ’ ಎಂಬರ್ಥದ ಹೆಸರಿನಿಂದ 1903ರಲ್ಲಿ ಅಚ್ಚಾಯಿತು. ತಮ್ಮ ಕೆಲಸದ ವಿಷಯದಲ್ಲಿ ಸುಳ್ಳು ಸಮಾಧಾನವನ್ನು ಒಲ್ಲದ ಈ ಮನಸ್ಸು, ತಮ್ಮ ನೋವಿನ ವಿಷಯದಲ್ಲಿಯೂ ಅದನ್ನು ಒಲ್ಲದಾಯಿತು.

ಆ ನೋವಿಗೆ ಮುಂಚೆಯೇ ಅವರ ನಂಬಿಕೆಯನ್ನು ಒರೆಗೆ ಹಚ್ಚಿದ ಸಾವುಗಳು ಸಂಭವಿಸಿದವು. ಗುರುವಿನಂತಿದ್ದ ವಾಕರ್ ಅವರು 1912ರಲ್ಲಿ ತೀರಿಹೋದರು. ಪೊನ್ನಮ್ಮಾಳ್ ಎಂಬ ತಮಿಳು ಹೆಣ್ಣುಮಗಳು ಮಕ್ಕಳ ಮನೆಗೆ ಎರಡನೆಯ ತಾಯಿಯಂತಿದ್ದಳು, ಅಮ್ಮೈಗೆ ಬಲಗೈಯಾಗಿದ್ದಳು. ಅವಳಿಗೆ ಕ್ಯಾನ್ಸರ್ ತಗುಲಿತು. ಶಸ್ತ್ರಚಿಕಿತ್ಸೆಗಳಾದವು, ಮನೆಯವರೆಲ್ಲ ಸೇರಿ ಪ್ರಾರ್ಥಿಸಿದರು. ರೋಗ ಇಳಿಯಲಿಲ್ಲ. ಎರಡು ವರ್ಷ ನರಳಿ 1915ರಲ್ಲಿ ಪೊನ್ನಮ್ಮಾಳ್ ಕಣ್ಣುಮುಚ್ಚಿದಳು. ಅಷ್ಟು ಒಳ್ಳೆಯ ಜೀವಕ್ಕೆ ಅಷ್ಟು ದೀರ್ಘವಾದ ಯಾತನೆಯೇಕೆ ಎಂಬ ಪ್ರಶ್ನೆಗೆ ಅಮ್ಮೈಯ ಬಳಿ ಉತ್ತರವಿರಲಿಲ್ಲ. ಆದರೆ ಅಂದು ಅವರಿಗೊಂದು ಆಸರೆಯಿತ್ತು. ಅದೇ ಕೆಲಸ. ಅಳುವ ಕೂಸನ್ನೆತ್ತಿಕೊಳ್ಳಬೇಕಾಗಿತ್ತು; ಕಟ್ಟಡದ ಕೆಲಸವನ್ನು ನೋಡಬೇಕಾಗಿತ್ತು; ಕಾಗದಗಳಿಗೆ ಉತ್ತರ ಬರೆಯಬೇಕಾಗಿತ್ತು. ದುಃಖವನ್ನು ದುಡಿಮೆಯಲ್ಲಿ ಮುಳುಗಿಸುವ ಶಕ್ತಿ ಕೈಕಾಲುಗಳಿಗೆ ಇನ್ನೂ ಇತ್ತು. ನಮ್ಮ ಶರಣರು ಕಾಯಕವೆಂದು ಕರೆದ ದುಡಿಮೆಯೇ ಅವರ ಪೂಜೆಯೂ ಆಗಿತ್ತು. ಕಾಯವೇ ಕುಸಿದು ಕಾಯಕವೇ ಕೈತಪ್ಪಿದಾಗ ಏನು ಉಳಿಯುತ್ತದೆ ಎಂಬ ಪರೀಕ್ಷೆ ಇನ್ನೂ ಮುಂದಿತ್ತು.

ಆ ಪರೀಕ್ಷೆ 1931ರಲ್ಲಿ ಬಂದಿತು. ಡೋನಾವೂರಿಗೆ ಸಮೀಪದ ಕಳಕ್ಕಾಡು ಎಂಬ ಊರಿನಲ್ಲಿ ರೋಗಿಗಳಿಗಾಗಿ ಒಂದು ಸಣ್ಣ ಔಷಧಾಲಯವನ್ನು ತೆರೆಯಲು ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಸಿದ್ಧತೆಗಳು ಹೇಗೆ ನಡೆದಿವೆಯೆಂದು ನೋಡಿ ಬರಲು ಅಮ್ಮೈ ಹೊರಟರು. ಅಂದು ಬೆಳಿಗ್ಗೆ ಅವರು ಒಂದು ಪ್ರಾರ್ಥನೆಯನ್ನು ಮಾಡಿದ್ದರು. ತಾನು ಇನ್ನೂ ಚೆನ್ನಾಗಿ ಸೇವೆ ಮಾಡುವಂತಾಗಲು, ತನ್ನವರಿಗೆ ನೆರವಾಗುವಂತಾಗಲು ಏನು ಮಾಡಬೇಕೋ ಅದನ್ನು ತನ್ನಲ್ಲಿ ಮಾಡೆಂದು ದೇವರನ್ನು ಬೇಡಿಕೊಂಡಿದ್ದರು. ಅವರು ಆ ಮನೆಯನ್ನು ತಲುಪಿದಾಗ ಮುಸ್ಸಂಜೆ. ಶೌಚಗೃಹಕ್ಕೆಂದು ಅಗೆದ ಗುಂಡಿಯೊಂದು, ಯಾರೂ ನಿರೀಕ್ಷಿಸದ ಸ್ಥಳದಲ್ಲಿ, ಬಾಯ್ತೆರೆದು ಬಿದ್ದಿತ್ತು. ಮಬ್ಬುಗತ್ತಲೆಯಲ್ಲಿ ಅದು ಕಾಣದೆ ಅಮ್ಮೈ ಅದರೊಳಗೆ ಬಿದ್ದರು. ಕಾಲಿನ ಮೂಳೆ ಮುರಿಯಿತು, ಹರಡು ತಿರುಚಿಕೊಂಡಿತು. ಅವರನ್ನು ಮೋಟಾರು ವಾಹನದಲ್ಲಿ ಮಲಗಿಸಿಕೊಂಡು ತಿರುವಾಂಕೂರು ಸೀಮೆಯ ನೆಯ್ಯೂರಿನ ಆಸ್ಪತ್ರೆಗೆ ಕರೆದೊಯ್ದರು.

ಕೆಲವು ವಾರಗಳಲ್ಲಿ ಮೂಳೆ ಕೂಡಿಕೊಂಡು ಅಮ್ಮೈ ಮತ್ತೆ ಓಡಾಡುತ್ತಾರೆಂದು ಎಲ್ಲರೂ ನಂಬಿದ್ದರು; ಅವರೂ ನಂಬಿದ್ದರು. ವಾರಗಳು ತಿಂಗಳುಗಳಾದವು. ತಿಂಗಳುಗಳು ವರ್ಷಗಳಾದವು. ಬಿದ್ದ ಪೆಟ್ಟು ಕಾಲಿಗೆ ಮಾತ್ರ ನಿಲ್ಲದೆ ಬೆನ್ನುಹುರಿಯ ಕಡೆಗೂ ತಗುಲಿತ್ತು. ಹಳೆಯ ನರಶೂಲೆ ತಲೆಯೆತ್ತಿತು, ಕೀಲುಗಳು ಹಿಡಿದುಕೊಂಡವು, ಇರುಳು ನಿದ್ರೆ ದೂರವಾಯಿತು. ಡೋನಾವೂರಿನಲ್ಲಿ ‘ಶಾಂತಿಯ ಕೋಣೆ’ ಎಂದು ಹೆಸರಿದ್ದ ಒಂದು ಕೊಠಡಿ ಅವರ ಪ್ರಪಂಚವಾಯಿತು. ಅಪರೂಪಕ್ಕೊಮ್ಮೆ ಹೊರಗೆ ಬಂದುದುಂಟಾದರೂ, ಮಿಕ್ಕ ಬದುಕೆಲ್ಲ ಅದರೊಳಗೇ ಕಳೆಯಿತು.

ಬೆಳಗಿನ ಆ ಪ್ರಾರ್ಥನೆಗೆ ಸಂಜೆಯ ಗುಂಡಿಯೇ ಉತ್ತರವೇ? ಇದು ನಾವು ಕೇಳಬಹುದಾದ ಪ್ರಶ್ನೆ. ನೊಂದವರಿಗೆ ನೋವಿಗಿಂತಲೂ ಹೆಚ್ಚು ಕಾಡುವುದು ಈ ‘ಏಕೆ’ ಎಂಬುದು. ಅದಕ್ಕೆ ಸಿದ್ಧ ಉತ್ತರಗಳನ್ನು ತಂದುಕೊಡುವವರಿಗೇನೂ ಕೊರತೆಯಿಲ್ಲ. ಪಾಪದ ಫಲವೆಂದು ಕೆಲವರು, ನಂಬಿಕೆ ಸಾಲದ್ದರಿಂದ ಗುಣವಾಗಲಿಲ್ಲವೆಂದು ಕೆಲವರು, ಒಳ್ಳೆಯದಕ್ಕೇ ಆಯಿತೆಂದು ಕೆಲವರು ಹೇಳುತ್ತಾರೆ. ಅಮ್ಮೈ ಈ ಯಾವ ಉತ್ತರವನ್ನೂ ಸುಲಭವಾಗಿ ಒಪ್ಪಲಿಲ್ಲ. ನೋವು ನೋವೇ, ಅದನ್ನು ಸುಖವೆಂದು ಕರೆದರೆ ಸತ್ಯಕ್ಕೆ ಅಪಚಾರ. ಬೇಡಿದ್ದು ದೊರೆಯದಿದ್ದಾಗ ದೊರೆತಂತೆ ನಟಿಸುವುದು ಭಕ್ತಿಯಲ್ಲ. ಹಾಸಿಗೆ ಹಿಡಿದವರ ಮನಸ್ಸಿನಲ್ಲಿ ಏಳುವ ಕಹಿಯನ್ನು ಅವರು ಬಲ್ಲವರಾಗಿದ್ದರು. ತಾನು ಯಾರಿಗೂ ಬೇಡವಾದೆನೆಂಬ ಕೊರಗು, ಇತರರಿಗೆ ಹೊರೆಯಾದೆನೆಂಬ ಸಂಕಟ, ಇರುಳಿನ ಮೂರನೆಯ ಜಾವದಲ್ಲಿ ಬೆಳಗೇ ಆಗದೆಂಬಂತೆ ತೋರುವ ಕತ್ತಲೆ, ಇವೆಲ್ಲ ಅವರಿಗೆ ಪರಿಚಿತವಾದವು.

ಬೈಬಲಿನಲ್ಲಿ ಸಂತ ಪೌಲನ ಒಂದು ಪ್ರಸಂಗವಿದೆ. ಅವನ ಶರೀರಕ್ಕೆ ಮುಳ್ಳಿನಂತಹ ಒಂದು ಬಾಧೆಯಿತ್ತು. ಅದನ್ನು ತೆಗೆದುಬಿಡೆಂದು ಅವನು ಮೂರು ಬಾರಿ ದೇವರನ್ನು ಬೇಡಿದನು. ಮುಳ್ಳು ಹೋಗಲಿಲ್ಲ, ಅದನ್ನು ತಾಳುವುದಕ್ಕೆ ಬೇಕಾದ ಕೃಪೆ ಮಾತ್ರ ದೊರೆಯಿತು. ಅಮ್ಮೈಗೆ ಆ ಕಥೆ ಬಾಲ್ಯದಿಂದ ಬಾಯಿಪಾಠ. ಓದಿ ತಿಳಿದಿದ್ದ ಆ ಮಾತನ್ನು ಈಗ ಶರೀರದಿಂದ ತಿಳಿಯಬೇಕಾಗಿತ್ತು. ಒಂದೇ ದಿನದಲ್ಲಿ ಮಿಂಚಿನಂತೆ ಅವರಿಗೆ ಜ್ಞಾನೋದಯವಾಯಿತೆಂದಲ್ಲ. ದಿನ ದಿನವೂ ಬೆಳಿಗ್ಗೆ ಎಚ್ಚರವಾದಾಗ ಆ ದಿನದ ನೋವನ್ನು ಆ ದಿನಕ್ಕೆ ಒಪ್ಪಿಕೊಳ್ಳುವುದು, ನಾಳೆಯ ನೋವನ್ನು ಇಂದೇ ಹೊರದಿರುವುದು, ಹೀಗೆ ಹೆಜ್ಜೆ ಹೆಜ್ಜೆಯಾಗಿ ಅವರು ಮುಂದುವರಿದರು. ಒಪ್ಪಿಕೊಳ್ಳುವುದಕ್ಕೂ ಕೈಚೆಲ್ಲಿ ಕೂರುವುದಕ್ಕೂ ಬಹಳ ಅಂತರವಿದೆ. ಕೈಚೆಲ್ಲಿದವನು ತನ್ನ ಪಾಡಿಗೆ ಬೆನ್ನು ತಿರುಗಿಸುತ್ತಾನೆ. ಒಪ್ಪಿಕೊಂಡವನು ಅದನ್ನು ಎದುರಿಗಿಟ್ಟುಕೊಂಡು, ಇದರಿಂದ ಏನನ್ನು ಮಾಡಬಹುದೆಂದು ಯೋಚಿಸುತ್ತಾನೆ.

ಅಮ್ಮೈ ಯೋಚಿಸಿದರು. ಕಾಲು ಹೋಗಿದ್ದರೂ ಕೈ ಇತ್ತು. ಮಲಗಿದಲ್ಲಿಂದಲೇ ಅವರು ಕಾಗದಗಳನ್ನು ಬರೆದರು. ಕಷ್ಟದಲ್ಲಿರುವ ಸಹೋದ್ಯೋಗಿಗೆ, ಓದಿನಲ್ಲಿ ಹಿಂದೆ ಬಿದ್ದ ಹುಡುಗನಿಗೆ, ದೂರದ ಊರಿನಲ್ಲಿ ಕಾಯಿಲೆಯಾಗಿರುವ ಅಪರಿಚಿತರಿಗೆ ಅವರ ಕೈಬರಹದ ಚೀಟಿಗಳು ಹೋದವು. ಪ್ರತಿಯೊಂದು ಮಗುವೂ ತನ್ನ ಸರದಿಯಲ್ಲಿ ಅವರ ಮಂಚದ ಬಳಿಗೆ ಬಂದು ಸುದ್ದಿ ಹೇಳಿಹೋಗುತ್ತಿತ್ತು. ಮಕ್ಕಳು ನೂರಾರಾಗಿ ಬೆಳೆದ ಮನೆಯಲ್ಲಿ ಎಲ್ಲರ ಮಾತನ್ನೂ ನಿಧಾನವಾಗಿ ಕೇಳುವ ಬಿಡುವು ಇದ್ದುದು ಅವರೊಬ್ಬರಿಗೇ! ಆಡಳಿತದ ಹೊಣೆಯನ್ನು ಮೆಲ್ಲಮೆಲ್ಲನೆ ಕಿರಿಯರಿಗೆ ವಹಿಸಿದರು. ಎಲ್ಲವನ್ನೂ ತಾನೇ ನಿಂತು ಮಾಡಿಸಿದವಳಿಗೆ ಈ ಬಿಟ್ಟುಕೊಡುವಿಕೆ ಸುಲಭವಾಗಿರಲಾರದು. ಆದರೆ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಲು ಕಲಿತದ್ದು, ಅದರ ತಾಯಿ ನಿಲ್ಲಲಾರದೆ ಹೋದಾಗಲೇ.

ಈ ಹಾಸಿಗೆಯಲ್ಲಿಯೇ ಅವರ ಹನ್ನೆರಡಕ್ಕೂ ಹೆಚ್ಚು ಪುಸ್ತಕಗಳು ಸಿದ್ಧವಾದವು. ಅವುಗಳಲ್ಲಿ ರೋಗಿಗಳನ್ನು ಕುರಿತು ಬರೆದ ಪತ್ರಗಳ ಸಂಗ್ರಹವೊಂದು 1933ರಲ್ಲಿ ಪ್ರಕಟವಾಯಿತು. ಮುಳ್ಳುಗಿಡದಲ್ಲಿ ಅರಳಿದ ಗುಲಾಬಿ ಎಂಬುದು ಅದರ ಹೆಸರಿನ ಭಾವ. ಗುಣವಾಗಿ ಎದ್ದ ಮೇಲೆ ಹಿಂದಿರುಗಿ ನೋಡಿ ಬರೆದರೆ ನೋವಿನ ನೆನಪು ಮೃದುವಾಗಿಬಿಡುತ್ತದೆ. ಮುಳ್ಳು ಚುಚ್ಚುತ್ತಿರುವಾಗಲೇ ಬರೆದ ಮಾತಿಗೆ ಬೇರೊಂದು ತೂಕವಿರುತ್ತದೆ. ಹೀಗಾಗಿ ಆ ಪತ್ರಗಳಲ್ಲಿ ಎತ್ತರದ ಪೀಠದಿಂದ ಮಾಡಿದ ಉಪದೇಶವಿಲ್ಲ. ಪಕ್ಕದ ಹಾಸಿಗೆಯಿಂದ ಆಡಿದ ಪಿಸುಮಾತಿನ ಆಪ್ತತೆ ಇದೆ. ಲೋಕದ ಎಷ್ಟೋ ಕಡೆ ಎಷ್ಟೋ ರೋಗಿಗಳು ಅದನ್ನು ದಿಂಬಿನ ಬಳಿ ಇಟ್ಟುಕೊಂಡು ಓದಿದರು. ಓಡಾಡುತ್ತಿದ್ದ ಏಮಿ ಒಂದು ಸೀಮೆಯ ಮಕ್ಕಳಿಗೆ ತಾಯಿಯಾಗಿದ್ದರು. ಮಲಗಿದ ಏಮಿ ತಾವು ಎಂದೂ ಕಾಣದವರಿಗೆ ಜೊತೆಗಾರರಾದರು. ಬೆಳಗಿನ ಪ್ರಾರ್ಥನೆಗೆ ಉತ್ತರ ದೊರೆತಿದ್ದರೆ ಅದು ಗುಂಡಿಯಲ್ಲಿ ಅಲ್ಲ, ಗುಂಡಿಗೆ ಬಿದ್ದ ಮೇಲೆ ಅವರು ಬದುಕಿದ ಬಗೆಯಲ್ಲಿ ದೊರೆಯಿತೆಂದು ಹೇಳಬಹುದು.

ಇದನ್ನೋದಿದವರು, ಕಷ್ಟ ಬಂದರೆ ಸಹಿಸಿಕೊಂಡು ಸುಮ್ಮನಿರಬೇಕು, ಔಷಧವೇಕೆ, ಆಸ್ಪತ್ರೆಯೇಕೆ ಎಂದು ತಿಳಿಯಬಾರದು. ಅಮ್ಮೈಯ ನಂಬಿಕೆ ವೈದ್ಯವನ್ನು ದೂರವಿಡಲಿಲ್ಲ. ಅವರು ಬಿದ್ದದ್ದೇ ಔಷಧಾಲಯಕ್ಕೆ ಸಿದ್ಧವಾಗುತ್ತಿದ್ದ ಮನೆಯಲ್ಲಿ. ಡೋನಾವೂರಿನಲ್ಲಿ ಸುತ್ತಣ ಹಳ್ಳಿಗಳವರಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿದರು. ತಮ್ಮ ನೋವಿಗೂ ವೈದ್ಯರ ಚಿಕಿತ್ಸೆಯನ್ನು ಪಡೆದರು. ತೊಲಗಿಸಬಹುದಾದ ನೋವನ್ನು ತೊಲಗಿಸಲು ಮನುಷ್ಯನು ಕೊನೆಯವರೆಗೂ ದುಡಿಯಬೇಕು. ಬರೆ ಬಿದ್ದ ಮಗುವಿನ ಕೈಗಳನ್ನು ಕಂಡು ‘ದೇವರ ಇಚ್ಛೆ’ ಎಂದು ಸುಮ್ಮನಾಗದೆ ಹೋರಾಡಿದವರು ಅವರು. ಆ ಹೋರಾಟದಲ್ಲಿ ಅವರು ಒಬ್ಬಂಟಿಯೂ ಆಗಿರಲಿಲ್ಲ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರಂತಹ ನಮ್ಮ ಮಹಿಳೆಯರು ಶಾಸನಸಭೆಯಲ್ಲಿಯೂ ಹೊರಗೂ ನಡೆಸಿದ ಪ್ರಯತ್ನದ ಫಲವಾಗಿ, ದೇವದಾಸಿ ಪದ್ಧತಿಯನ್ನು ತಡೆಯುವ ಕಾನೂನು ಮದರಾಸು ಪ್ರಾಂತದಲ್ಲಿ 1947ರಲ್ಲಿ ಜಾರಿಗೆ ಬಂದಿತು. ಕರ್ನಾಟಕದಲ್ಲಿಯೂ 1982ರಲ್ಲಿ ಅಂತಹ ಕಾನೂನು ರೂಪುಗೊಂಡಿತು. ತೊಲಗಿಸಬಹುದಾದುದರೊಡನೆ ಹೋರಾಟ, ತೊಲಗಿಸಲಾಗದುದರೊಡನೆ ಸಹನೆ, ಇವೆರಡೂ ಅಮ್ಮೈಯ ಬಾಳಿನಲ್ಲಿ ಒಂದೇ ಬೇರಿನಿಂದ ಬೆಳೆದವು. ಅವರ ಮತವನ್ನು ಅನುಸರಿಸದವರೂ ಈ ಮಾತಿಗೆ ತಲೆದೂಗಬಹುದು.

ಮದರಾಸಿನಲ್ಲಿ ಕಾನೂನಾದ ಮರುವರ್ಷ, 1948ರಲ್ಲಿ, ಅಮ್ಮೈ ತಮ್ಮ ಕೋಣೆಯಲ್ಲಿಯೇ ಮತ್ತೊಮ್ಮೆ ಬಿದ್ದರು. ತೋಳಿನ ಮೂಳೆಯೂ ಸೊಂಟದ ಮೂಳೆಯೂ ಮುರಿದವು. ಆಗ ಅವರಿಗೆ ಎಂಬತ್ತು ವರ್ಷ. ಅಂದಿನಿಂದ ಮಂಚವನ್ನು ಬಿಟ್ಟೇಳುವ ಮಾತೇ ಉಳಿಯಲಿಲ್ಲ. ಇನ್ನೂ ಎರಡೂವರೆ ವರ್ಷ ಹಾಗೆಯೇ ಕಳೆದು, 1951ನೆಯ ಇಸವಿ ಜನವರಿ 18ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಶಾಂತವಾಗಿ ಕಣ್ಣುಮುಚ್ಚಿದರು.

ತಮ್ಮ ಸಮಾಧಿಯ ಮೇಲೆ ಕಲ್ಲನ್ನು ನಿಲ್ಲಿಸಬಾರದೆಂಬುದು ಅವರ ಅಪೇಕ್ಷೆಯಾಗಿತ್ತು. ಮಕ್ಕಳು ಆ ಮಾತನ್ನು ಮೀರಲಿಲ್ಲ. ಆದರೆ ಗುರುತೇ ಇಲ್ಲದಂತೆ ಬಿಟ್ಟುಬಿಡಲೂ ಅವರಿಗೆ ಮನಸ್ಸಾಗಲಿಲ್ಲ. ಹಕ್ಕಿಗಳು ಬಂದು ನೀರು ಕುಡಿದು ಮೀಯಲೆಂದು ಒಂದು ತೊಟ್ಟಿಯನ್ನು ಅಲ್ಲಿಟ್ಟು, ಅದರ ಮೇಲೆ ‘ಅಮ್ಮೈ’ ಎಂಬ ಒಂದೇ ಪದವನ್ನು ಕೆತ್ತಿಸಿದರು. ಐರ್ಲೆಂಡಿನ ಕಡಲ ತೀರದಲ್ಲಿ ನೀಲಿಯ ಕಣ್ಣಿಗಾಗಿ ಹಂಬಲಿಸಿದ ಮಗುವಿಗೆ ತಮಿಳುನಾಡಿನ ಮಕ್ಕಳು ಕೊಟ್ಟ ಹೆಸರದು. ರೋಗವು ಅವರಿಂದ ಚೀನಾವನ್ನು, ಜಪಾನನ್ನು, ಕೊನೆಗೆ ನಡೆಯುವ ಕಾಲನ್ನೂ ಕಸಿದುಕೊಂಡಿತು. ಆ ಹೆಸರನ್ನು ಮಾತ್ರ ಅದು ಕಸಿದುಕೊಳ್ಳಲಾರದೆ ಹೋಯಿತು.